ಲಿನಕ್ಸ್ ಹಾಕಿಕೊಳ್ಳುವುದು ಹೇಗೆ? ಎಡವುವುದು ಒಂದೇ ಪರದೆಯಲ್ಲಿ

ಲಿನಕ್ಸ್ ಎಂದರೆ ವಿಂಡೋಸಿನ ಹಾಗೆಯೇ ಕಂಪ್ಯೂಟರನ್ನು ನಡೆಸುವ ಒಂದು ವ್ಯವಸ್ಥೆ. ‘ಲಿನಕ್ಸ್ ನಮ್ಮಂಥವರಿಗೆ ಆಗಿಬರಲ್ಲ, ಅದೇನಿದ್ದರೂ ಕಂಪ್ಯೂಟರ್ ಓದಿದವರಿಗೆ’ ಎನ್ನುವ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಹಾಗೆನ್ನುವವರನ್ನು ಕೂರಿಸಿಕೊಂಡು ಏನಾಯಿತು ಅಂತ ವಿಚಾರಿಸಿದರೆ ಕಥೆ ಹೆಚ್ಚುಕಡಿಮೆ ಒಂದೇ. ಅವರು ಲಿನಕ್ಸನ್ನು ಒಂದು ದಿನವೂ ಬಳಸಿರುವುದಿಲ್ಲ. ಹಾಕಿಕೊಳ್ಳುವಾಗಲೇ ಏನೋ ಕೆಟ್ಟು, ಬೇಸತ್ತು ಬಿಟ್ಟಿರುತ್ತಾರೆ. ನನ್ನ ಹತ್ತಿರದ ನೆಂಟರೊಬ್ಬರು ಒಂದು ತಪ್ಪು ಆಯ್ಕೆ ಒತ್ತಿ, ಮಗಳು ಹುಟ್ಟಿದಾಗಿನಿಂದ ಕೂಡಿಟ್ಟಿದ್ದ ಫೋಟೊಗಳನ್ನೆಲ್ಲ ಕಳೆದುಕೊಂಡರು. ನಾನು ಆಗ ಪಕ್ಕದ ಕೋಣೆಯಲ್ಲೇ ಇದ್ದೆ. ಈ ಲೇಖನ ಬರೆಯುತ್ತಿರುವುದು ಅದಕ್ಕೇ.

ಬಳಸುವುದಂತೂ ಸುಲಭ. ನಿಮ್ಮದು ಆಂಡ್ರಾಯ್ಡ್ ಫೋನಾದರೆ ಅದರೊಳಗೆ ಓಡುತ್ತಿರುವುದೂ ಲಿನಕ್ಸಿನ ತಿರುಳಾದ ಕರ್ನಲ್ಲೇ, 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಬರೆಯಲು ಶುರುಮಾಡಿದ್ದು. ಅದನ್ನು ಕಷ್ಟ ಅಂತ ಯಾರೂ ಹೇಳುವುದಿಲ್ಲ. ಯಾಕೆಂದರೆ ಫೋನಿಗೆ ಅದನ್ನು ಹಾಕಿ ಕೊಟ್ಟವರು ಬೇರೆಯವರು. ಕಂಪ್ಯೂಟರಿನಲ್ಲಿ ಆ ಕೆಲಸ ನಮ್ಮ ತಲೆಗೆ ಬರುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇಲ್ಲದ ಹಳೇ ಯಂತ್ರಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ಇನ್ನೂ ಚೆನ್ನಾಗಿ ಓಡುವ ಇಂಥ ಕಂಪ್ಯೂಟರ್ ಮನೆಯಲ್ಲಿದ್ದರೆ ಗುಜರಿಗೆ ಹಾಕಬೇಡಿ, ಮುಂದೆ ಓದಿ.

ಹಂತ 1: ನಿಮಗೆ ಇದು ಆಗುತ್ತದೆಯೇ?

ದಿನಾ ಬಳಸುವ ಪ್ರೋಗ್ರಾಂಗಳನ್ನು ಒಂದು ಚೀಟಿಯಲ್ಲಿ ಬರೆಯಿರಿ. ಬ್ರೌಸರ್, ಮೇಲ್, ವಿಡಿಯೊ, ಪತ್ರ ಬರೆಯುವುದು, ಸಣ್ಣಪುಟ್ಟ ಲೆಕ್ಕ, ಇಷ್ಟೇ ಆಗಿದ್ದರೆ ಯೋಚನೆ ಬೇಡ. ಫೋಟೊಶಾಪ್ ನಿಮ್ಮ ಹೊಟ್ಟೆಪಾಡಾಗಿದ್ದರೆ, ಮ್ಯಾಕ್ರೊ ತುಂಬಿದ ಎಕ್ಸೆಲ್ ಕಡತಗಳು ಕಚೇರಿಯಿಂದ ಬರುತ್ತಿದ್ದರೆ, ಮೋಸ ತಡೆಯುವ ತಂತ್ರಾಂಶ ಇರುವ ಆನ್‌ಲೈನ್ ಆಟಗಳನ್ನು ಆಡುತ್ತಿದ್ದರೆ ವಿಂಡೋಸ್ ಬಿಡಬೇಡಿ. ‘ವೈನ್ ಎಂಬ ತಂತ್ರಾಂಶ ಹಾಕಿಕೊಂಡರೆ ವಿಂಡೋಸ್ ಪ್ರೋಗ್ರಾಂ ಎಲ್ಲಾ ಓಡುತ್ತವೆ’ ಎಂದು ಯಾರಾದರೂ ಹೇಳಬಹುದು. ಕೆಲವು ಓಡುತ್ತವೆ, ನಿಜ. ಆದರೆ ಅನ್ನ ಕೊಡುವ ಕೆಲಸವನ್ನು ಅದರ ಮೇಲೆ ನಿಲ್ಲಿಸಬೇಡಿ.

ಇನ್ನೊಂದು ಮಾತು. ವಿಂಡೋಸ್ ಇರುವಾಗಲೇ ಅದರಲ್ಲಿ ಫೈರ್‌ಫಾಕ್ಸ್, ಲಿಬ್ರೆಆಫೀಸ್, ವಿಎಲ್‌ಸಿ ಹಾಕಿಕೊಂಡು ಎರಡು ವಾರ ಅವನ್ನೇ ಬಳಸಿ. ಲಿನಕ್ಸಿನಲ್ಲೂ ನಿಮಗೆ ಸಿಗುವುದು ಇವೇ. ‘ಲಿನಕ್ಸ್ ಕಷ್ಟ’ ಎಂದು ದೂರುವವರಲ್ಲಿ ಎಷ್ಟೋ ಜನರಿಗೆ ಕಷ್ಟವಾಗಿದ್ದು ಹೊಸ ಆಫೀಸ್ ತಂತ್ರಾಂಶ. ಆ ಕಷ್ಟ ಮೊದಲೇ ಮುಗಿದುಹೋಗಲಿ.

ಹಂತ 2: ಯಾವ ಲಿನಕ್ಸ್?

ಲಿನಕ್ಸನ್ನು ಬೇರೆ ಬೇರೆ ತಂಡಗಳು ಬೇರೆ ಬೇರೆ ಹೆಸರಲ್ಲಿ ಕೊಡುತ್ತವೆ. ನಾನು ಹೇಳುವುದು ಲಿನಕ್ಸ್ ಮಿಂಟ್, ಅದರಲ್ಲೂ ಸಿನಮನ್ ಆವೃತ್ತಿ. 2006ರಿಂದ ಬರುತ್ತಿದೆ, ಉಬುಂಟು ಎಂಬ ಇನ್ನೊಂದು ಲಿನಕ್ಸಿನ ತಳಹದಿಯ ಮೇಲೆ ಕಟ್ಟಿದ್ದು. ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು. ವಿಂಡೋಸ್ ಕಂಡವರ ಕಣ್ಣಿಗೆ ಅಪರಿಚಿತ ಅನ್ನಿಸುವುದಿಲ್ಲ. ರ‍್ಯಾಮ್ 4 ಜಿಬಿ ಅಥವಾ ಅದಕ್ಕೂ ಕಡಿಮೆ ಇದ್ದರೆ ಎಕ್ಸ್‌ಎಫ್‌ಸಿಇ ಆವೃತ್ತಿ ತೆಗೆದುಕೊಳ್ಳಿ. ಹತ್ತು ಲಿನಕ್ಸ್‌ಗಳನ್ನು ಹೋಲಿಸುವ ವಿಡಿಯೊ ನೋಡುತ್ತಾ ಕೂರಬೇಡಿ. ನೋಡಲು ಚೆಂದ ಅಂತ ಕಾಲಿ ಲಿನಕ್ಸ್ ಹಾಕಿಕೊಳ್ಳುವವರಿದ್ದಾರೆ. ಅದು ಭದ್ರತೆ ಪರೀಕ್ಷಿಸುವವರಿಗೆ ಮಾಡಿದ ಉಪಕರಣ, ಮನೆಬಳಕೆಗೆ ಅಲ್ಲವೇ ಅಲ್ಲ.

ಹಂತ 3: ಪೆನ್‌ಡ್ರೈವ್

8 ಜಿಬಿಯ ಪೆನ್‌ಡ್ರೈವ್ ಸಾಕು. ಮಿಂಟ್‌ನ ಸ್ವಂತ ಜಾಲತಾಣದಿಂದ ಐಎಸ್ಒ ಕಡತ (ಇಡೀ ಮಿಂಟ್ ಒಂದೇ ಕಡತದಲ್ಲಿ) ಇಳಿಸಿಕೊಳ್ಳಿ, ಸುಮಾರು 3 ಜಿಬಿ ಇರುತ್ತದೆ. ರೂಫಸ್ ತಂತ್ರಾಂಶದಿಂದ ಪೆನ್‌ಡ್ರೈವಿಗೆ ಬರೆಯಿರಿ. ಅದರಲ್ಲಿದ್ದ ಹಳೆಯದೆಲ್ಲ ಅಳಿಯುತ್ತದೆ. ಐಎಸ್ಒ ಕಡತವನ್ನು ಸುಮ್ನೆ ಕಾಪಿ ಮಾಡಿ ಅಂಟಿಸಿದರೆ ಕೆಲಸ ಮಾಡುವುದಿಲ್ಲ. ಅಗ್ಗಕ್ಕೆ ಸಿಗುವ ಹೆಸರಿಲ್ಲದ ಪೆನ್‌ಡ್ರೈವ್ ಬೇಡ. ಕೆಲವು 64 ಜಿಬಿ ಎಂದು ತೋರಿಸಿಕೊಳ್ಳುತ್ತವೆ, ಒಳಗೆ ಅಷ್ಟು ಜಾಗವೇ ಇರುವುದಿಲ್ಲ.

ಹಂತ 4: ಹಾಕದೆಯೇ ಬಳಸಿ ನೋಡಿ

ಪೆನ್‌ಡ್ರೈವ್ ಸಿಕ್ಕಿಸಿ ಕಂಪ್ಯೂಟರ್ ಆರಿಸಿ, ಮತ್ತೆ ಹಚ್ಚಿ. ಹಚ್ಚಿದ ಕೂಡಲೇ ಎಫ್12, ಎಫ್9 ಅಥವಾ ಎಸ್ಕೇಪ್ ಕೀಲಿ ಒತ್ತುತ್ತಿದ್ದರೆ ಎಲ್ಲಿಂದ ಶುರುವಾಗಬೇಕು ಎಂದು ಕೇಳುವ ಪಟ್ಟಿ ಬರುತ್ತದೆ. ಯಾವ ಕೀಲಿ ಎನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಪೆನ್‌ಡ್ರೈವ್ ಆಯ್ದುಕೊಂಡರೆ ಪೂರ್ತಿ ಮಿಂಟ್ ಕಣ್ಣ ಮುಂದೆ ಬರುತ್ತದೆ, ಕಂಪ್ಯೂಟರಿನ ಡಿಸ್ಕನ್ನು ಮುಟ್ಟದೆ. ಇದಕ್ಕೆ ಲೈವ್ ಅನ್ನುತ್ತಾರೆ.

ಇಲ್ಲಿ ಎರಡು ದಿನ ಇರಿ. ವೈಫೈ ಸಿಗುತ್ತದೆಯೇ? ಶಬ್ದ, ಕ್ಯಾಮೆರಾ, ಪ್ರಿಂಟರ್? ಮುಚ್ಚಳ ಮುಚ್ಚಿ ತೆಗೆದರೆ ಎಚ್ಚರವಾಗುತ್ತದೆಯೇ? ವೈಫೈ ಕಾಣದಿದ್ದರೆ ಹೆದರಬೇಡಿ. ಕೆಲವು ಬ್ರಾಡ್‌ಕಾಮ್ ವೈಫೈ ಚಿಪ್‌ಗಳಿಗೆ ಡ್ರೈವರ್ (ಚಿಪ್ ನಡೆಸುವ ತಂತ್ರಾಂಶ) ಬೇರೆಯಾಗಿ ಹಾಕಬೇಕಾಗುತ್ತದೆ. ಅಲ್ಲಿಯವರೆಗೆ ಫೋನನ್ನು ಕೇಬಲ್‌ನಲ್ಲಿ ಸೇರಿಸಿ, ಯುಎಸ್‌ಬಿ ಟೆದರಿಂಗ್ ಹಚ್ಚಿ ಇಂಟರ್ನೆಟ್ ಪಡೆಯಬಹುದು. ಪೆನ್‌ಡ್ರೈವಿನಿಂದ ಓಡುವಾಗ ಎಲ್ಲವೂ ನಿಧಾನ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಲೈವ್‌ನಲ್ಲಿ ಮಾಡಿದ ಬದಲಾವಣೆ ಕಂಪ್ಯೂಟರ್ ಆರಿಸಿದರೆ ಉಳಿಯುವುದಿಲ್ಲ ಎನ್ನುವುದೂ ನೆನಪಿರಲಿ.

ಹಂತ 5: ಕಳೆದುಕೊಳ್ಳಬಾರದ್ದನ್ನು ಹೊರಗಿಡಿ

ಫೋಟೊ, ಕಾಗದಪತ್ರ ಎಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ. ಆ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಸಿಕ್ಕಿಸಿ, ನಾಲ್ಕೈದು ಕಡತ ತೆರೆದು ನೋಡಿ. ಆಮೇಲೆ ಅದನ್ನು ಕಿತ್ತು ಬೀರುವಿನಲ್ಲಿಡಿ. ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಟ್ಟರೆ ಮುಂದಿನ ಹಂತದಲ್ಲಿ ಅಳಿಸಬಹುದಾದ ಡಿಸ್ಕುಗಳ ಪಟ್ಟಿಯಲ್ಲಿ ಅದೂ ಬಂದು ಕೂರುತ್ತದೆ.

ವಿಂಡೋಸನ್ನೂ ಉಳಿಸಿಕೊಳ್ಳುವುದಾದರೆ ಇನ್ನೆರಡು ಕೆಲಸಗಳಿವೆ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಬಿದ್ದಿದೆಯೇ ನೋಡಿ. ನೀವು ಹಾಕದಿದ್ದರೂ ಮೈಕ್ರೊಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ತಾನಾಗೇ ಬಿದ್ದಿರಬಹುದು. 48 ಅಂಕಿಗಳ ಅದರ ರಿಕವರಿ ಕೀ ಆ ಖಾತೆಯಲ್ಲೇ ಸಿಗುತ್ತದೆ. ಕಾಗದದ ಮೇಲೆ ಬರೆದಿಟ್ಟುಕೊಂಡು ಬೀಗ ತೆಗೆಯಿರಿ. ಎರಡನೆಯದು, ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್ ನಿಲ್ಲಿಸಿ. ಅದು ಚಾಲೂ ಇದ್ದರೆ ನೀವು ಆರಿಸಿದಾಗ ವಿಂಡೋಸ್ ಪೂರ್ತಿ ಆರುವುದಿಲ್ಲ, ಅರೆನಿದ್ದೆಯಲ್ಲಿರುತ್ತದೆ. ಆ ಸ್ಥಿತಿಯಲ್ಲಿ ಲಿನಕ್ಸ್ ಅದರ ಪಾರ್ಟಿಷನ್ನಿಗೆ (ಡಿಸ್ಕಿನಲ್ಲಿ ಅದಕ್ಕಿರುವ ಭಾಗಕ್ಕೆ) ಬರೆಯಹೋದರೆ ಕಡತಗಳು ಕೆಡುವ ಅಪಾಯವಿದೆ.

ಹಂತ 6: ಆ ಪರದೆ

ಲೈವ್ ಡೆಸ್ಕ್‌ಟಾಪ್‌ನಲ್ಲಿ ‘ಇನ್‌ಸ್ಟಾಲ್ ಲಿನಕ್ಸ್ ಮಿಂಟ್’ ಎಂಬ ಚಿತ್ರವಿದೆ. ಎರಡು ಸಲ ಒತ್ತಿ. ಭಾಷೆ, ಕೀಬೋರ್ಡ್ ಕೇಳುತ್ತದೆ. ಮಲ್ಟಿಮೀಡಿಯಾ ಕೋಡೆಕ್ (ಹಾಡು, ವಿಡಿಯೊ ಓಡಿಸಲು ಬೇಕಾದ್ದು) ಬೇಕೇ ಎಂದರೆ ಹೌದು ಎನ್ನಿ. ಇಲ್ಲಿಯವರೆಗೆ ಹೇಗೆ ಒತ್ತಿದರೂ ನಷ್ಟವಿಲ್ಲ. ಮುಂದಿನದು ‘ಇನ್‌ಸ್ಟಾಲೇಷನ್ ಟೈಪ್’ ಎಂಬ ಪರದೆ. ಇಲ್ಲಿ ಮೌಸ್‌ನಿಂದ ಕೈ ತೆಗೆಯಿರಿ. ಮೊದಲು ಓದಿ.

ಸಾಮಾನ್ಯವಾಗಿ ಮೂರು ಆಯ್ಕೆ ಕಾಣುತ್ತವೆ. ‘ಅಲಾಂಗ್‌ಸೈಡ್’ ಎಂದರೆ ವಿಂಡೋಸ್ ಪಕ್ಕದಲ್ಲಿ ಹಾಕು. ‘ಎರೇಸ್ ಡಿಸ್ಕ್’ ಎಂದರೆ ಇಡೀ ಡಿಸ್ಕ್ ಒರೆಸಿ ಹಾಕು. ‘ಸಮ್‌ಥಿಂಗ್ ಎಲ್ಸ್’ ಎಂದರೆ ಜಾಗ ನಾನೇ ತೋರಿಸುತ್ತೇನೆ ಎಂದು. ನಮ್ಮ ನೆಂಟರು ಎರೇಸ್ ಎಂದರೆ ‘ಹಳೇ ವಿಂಡೋಸ್ ಮಾತ್ರ ಹೋಗುತ್ತದೆ, ಡಿ ಡ್ರೈವ್ ಉಳಿಯುತ್ತದೆ’ ಅಂದುಕೊಂಡರು. ತಪ್ಪು ಅವರದೊಬ್ಬರದೇ ಅಲ್ಲ. ಸಿ, ಡಿ ಬೇರೆ ಬೇರೆ ಡಿಸ್ಕು ಅಂತಲೇ ವರ್ಷಗಟ್ಟಲೆ ನಮ್ಮ ಕಣ್ಣಿಗೆ ಕಂಡಿರುತ್ತದೆ ಅಲ್ವಾ? ನಿಜದಲ್ಲಿ ಎಷ್ಟೋ ಕಂಪ್ಯೂಟರುಗಳಲ್ಲಿ ಅವೆರಡೂ ಒಂದೇ ಡಿಸ್ಕಿನ ಎರಡು ಭಾಗಗಳು. ಡಿಸ್ಕ್ ಒರೆಸಿದರೆ ಎರಡೂ ಹೋಗುತ್ತವೆ.

ಗೊಂದಲ ಹೆಚ್ಚಿಸುವ ಇನ್ನೊಂದು ಸಂಗತಿ ಗಾತ್ರ. ವಿಂಡೋಸಿನಲ್ಲಿ 476 ಜಿಬಿ ಎಂದು ಕಾಣುತ್ತಿದ್ದ ಡಿಸ್ಕ್ ಇಲ್ಲಿ 512 ಜಿಬಿ ಎಂದು ಕಾಣುತ್ತದೆ. 931 ಜಿಬಿ ಇದ್ದದ್ದು 1 ಟಿಬಿ ಆಗುತ್ತದೆ. ಡಿಸ್ಕ್ ಬದಲಾಗಿಲ್ಲ, ಎಣಿಸುವ ಕ್ರಮ ಬೇರೆ. ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ, ಇನ್‌ಸ್ಟಾಲರ್ ಸಾವಿರದ ಲೆಕ್ಕ. ಸಿ, ಡಿ ಎಂಬ ಹೆಸರುಗಳೂ ಇಲ್ಲಿರುವುದಿಲ್ಲ. ಎಸ್‌ಡಿಎ (sda), ಎಸ್‌ಡಿಬಿ (sdb), ಎನ್‌ವಿಎಂಇ (nvme) ಎಂದು ಶುರುವಾಗುವ ಹೆಸರುಗಳಿರುತ್ತವೆ. 8 ಅಥವಾ 16 ಜಿಬಿ ಎಂದಿರುವುದು ನಿಮ್ಮ ಪೆನ್‌ಡ್ರೈವ್. ಗಾತ್ರ ನೋಡಿಯೇ ಗುರುತು ಹಿಡಿಯಿರಿ.

ನನ್ನ ಗಟ್ಟಿ ಸಲಹೆ ಇದು: ಒಂದೇ ಡಿಸ್ಕಿನಲ್ಲಿ ಎರಡನ್ನೂ ಸಂಸಾರ ಮಾಡಿಸಬೇಡಿ. ಹಳೇ ಕಂಪ್ಯೂಟರ್ ಆದರೆ, ಕಡತಗಳೆಲ್ಲ ಬೀರು ಸೇರಿದ್ದರೆ, ಎರೇಸ್ ಆಯ್ದುಕೊಂಡು ಪೂರ್ತಿ ಮಿಂಟ್ ಹಾಕಿ. ವಿಂಡೋಸ್ ಬೇಕೇ ಬೇಕಾದರೆ ಎಸ್‌ಎಸ್‌ಡಿ ಎಂಬ ಬಗೆಯ ಇನ್ನೊಂದು ಸಣ್ಣ ಡಿಸ್ಕ್ ಹಾಕಿಸಿ. ಮಿಂಟ್ ಹಾಕುವ ಹೊತ್ತಿಗೆ ವಿಂಡೋಸ್ ಇರುವ ಡಿಸ್ಕನ್ನು ಕಳಚಿಡಿ. ಕಳಚಿಟ್ಟ ಡಿಸ್ಕನ್ನು ಯಾರೂ ತಪ್ಪಿ ಅಳಿಸಲಾರರು.

ಅದಾಗದಿದ್ದರೆ, ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ದೊಡ್ಡ ಪಾರ್ಟಿಷನ್ ಮೇಲೆ ಬಲಗುಂಡಿ ಒತ್ತಿ ‘ಶ್ರಿಂಕ್ ವಾಲ್ಯೂಮ್’ ಮಾಡಿ. ಮಿಂಟ್‌ಗೆ ಕನಿಷ್ಠ 20 ಜಿಬಿ ಬೇಕು, 100 ಇದ್ದರೆ ಆರಾಮ. ಅಲ್ಲಿ ಲೆಕ್ಕ ಎಂಬಿಯಲ್ಲಿ ಕೇಳುತ್ತದೆ, 100 ಜಿಬಿಗೆ 102400 ಎಂದು ಕೊಡಿ. ಬಿಡುಗಡೆಯಾದ ಜಾಗವನ್ನು ಹಾಗೇ ಖಾಲಿ ಬಿಡಿ. ಆಮೇಲೆ ಮಿಂಟ್ ಇನ್‌ಸ್ಟಾಲರಿನಲ್ಲಿ ‘ಸಮ್‌ಥಿಂಗ್ ಎಲ್ಸ್’ ಆಯ್ದುಕೊಂಡು, ಅದೇ ಗಾತ್ರದ ‘ಫ್ರೀ ಸ್ಪೇಸ್’ ಸಾಲು ಹುಡುಕಿ. ಅದರ ಮೇಲೆ ನಿಂತು ಪ್ಲಸ್ ಗುರುತು ಒತ್ತಿ. ಬಗೆ ಇಎಕ್ಸ್‌ಟಿ4 (ext4), ಮೌಂಟ್ ಪಾಯಿಂಟ್ ಒಂದು ಓರೆಗೆರೆ (/). ಉಳಿದ ಯಾವ ಸಾಲನ್ನೂ ಮುಟ್ಟಬೇಡಿ. ‘ಫಾರ್ಮ್ಯಾಟ್’ ಕಾಲಂನಲ್ಲಿ ನಿಮ್ಮ ಹೊಸ ಸಾಲಿಗೆ ಮಾತ್ರ ಟಿಕ್ ಇರಬೇಕು. ಕಂಪ್ಯೂಟರ್ ಏಳಲು ಬೇಕಾದ ಕಡತಗಳಿರುವ, ಇಎಫ್ಐ ಎಂದಿರುವ ಪುಟ್ಟ ಪಾರ್ಟಿಷನ್ನಿಗೆ ಟಿಕ್ ಬಿತ್ತೋ, ವಿಂಡೋಸ್ ಏಳುವುದಿಲ್ಲ.

ಡಿಸ್ಕೇ ಕಾಣದಿದ್ದರೆ? ಕೆಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಬಯೋಸ್ (ಕಂಪ್ಯೂಟರ್ ಹಚ್ಚಿದಾಗ ಮೊದಲು ಓಡುವ ತಂತ್ರಾಂಶ) ಒಳಗೆ ಡಿಸ್ಕ್ ರೇಡ್ ಎಂಬ ಕ್ರಮದಲ್ಲಿರುತ್ತದೆ. ಅದನ್ನು ಎಎಚ್‌ಸಿಐ ಎಂಬ ಇನ್ನೊಂದು ಕ್ರಮಕ್ಕೆ ಬದಲಿಸಿದರೆ ಕಾಣುತ್ತದೆ. ಆದರೆ ಸಿದ್ಧತೆಯಿಲ್ಲದೆ ಬದಲಿಸಿದರೆ ಇರುವ ವಿಂಡೋಸ್ ಏಳದೇ ಹೋಗಬಹುದು. ವಿಂಡೋಸ್ ಉಳಿಯಬೇಕಾದವರು ಇಲ್ಲಿಗೇ ನಿಲ್ಲಿಸಿ, ಬಲ್ಲವರನ್ನು ಕರೆಯಿರಿ.

‘ಇನ್‌ಸ್ಟಾಲ್ ನೌ’ ಒತ್ತಿದ ಮೇಲೂ ಒಂದು ಅವಕಾಶವಿದೆ. ಯಾವ ಡಿಸ್ಕಿನಲ್ಲಿ ಏನೇನು ಬದಲಾಗುತ್ತದೆ ಎಂಬ ಪಟ್ಟಿಯ ಪೆಟ್ಟಿಗೆ ಬರುತ್ತದೆ. ಎಲ್ಲರೂ ಓದದೆ ‘ಕಂಟಿನ್ಯೂ’ ಒತ್ತುವುದು ಇದನ್ನೇ. ದಯವಿಟ್ಟು ಗಟ್ಟಿಯಾಗಿ ಓದಿ, ಮನೆಯವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ. ನಿಮಗೆ ಗುರುತಿಲ್ಲದ ಒಂದು ಹೆಸರು ಆ ಪಟ್ಟಿಯಲ್ಲಿದ್ದರೂ ‘ಗೋ ಬ್ಯಾಕ್’ ಒತ್ತಿ. ನಾಳೆ ಹಾಕಿದರೂ ಏನೂ ಮುಳುಗುವುದಿಲ್ಲ.

ಹಂತ 7: ಉಳಿದದ್ದು

ಊರು, ಹೆಸರು, ಪಾಸ್‌ವರ್ಡ್ ಕೊಡಿ. ಮುಗಿಯುವವರೆಗೆ ಕಾಯಿರಿ. ಪೆನ್‌ಡ್ರೈವ್ ತೆಗೆದು ಮತ್ತೆ ಶುರುಮಾಡಿ. ಸೆಕ್ಯೂರ್ ಬೂಟ್ (ಒಪ್ಪಿಗೆಯಿರುವ ತಂತ್ರಾಂಶವನ್ನಷ್ಟೇ ಏಳಲು ಬಿಡುವ ಕಾವಲು) ಇರುವ ಯಂತ್ರದಲ್ಲಿ ಹೆಚ್ಚುವರಿ ಡ್ರೈವರುಗಳಿಗೆಂದು ಇನ್‌ಸ್ಟಾಲರ್ ಒಂದು ಪಾಸ್‌ವರ್ಡ್ ಕೇಳಿದ್ದರೆ, ಮೊದಲ ಸಲ ಏಳುವಾಗ ನೀಲಿ ಪರದೆ ಬರುತ್ತದೆ. ಅದು ಕೆಟ್ಟ ಸೂಚನೆಯಲ್ಲ. ‘ಎನ್‌ರೋಲ್ ಎಂಒಕೆ’ ಆಯ್ದುಕೊಂಡು ಅದೇ ಪಾಸ್‌ವರ್ಡ್ ಕೊಡಿ.

ಒಳಗೆ ಹೋದ ಮೇಲೆ ಅಪ್‌ಡೇಟ್ ಮ್ಯಾನೇಜರ್ ಓಡಿಸಿ, ಡ್ರೈವರ್ ಮ್ಯಾನೇಜರ್ ನೋಡಿ, ಟೈಮ್‌ಶಿಫ್ಟ್ ಚಾಲೂ ಮಾಡಿ. ಟೈಮ್‌ಶಿಫ್ಟ್ ಕಾಪಾಡುವುದು ವ್ಯವಸ್ಥೆಯನ್ನು, ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಿಸಲು. ನಿಮ್ಮ ಫೋಟೊಗಳ ನಕಲು ಬೇರೆಯಾಗಿ ಇರಲೇಬೇಕು. ಕನ್ನಡ ಟೈಪಿಸಲು ಐಬಸ್ ಎಂಬ ಟೈಪಿಂಗ್ ತಂತ್ರಾಂಶ ಹಾಕಿಕೊಂಡು ಎಂ17ಎನ್ ಎಂಬ ಕೀಲಿಮಣೆಗಳ ಪಟ್ಟಿಯಿಂದ ಕೆಜಿಪಿ ಆಯ್ದುಕೊಳ್ಳಿ, ನುಡಿ ತಂತ್ರಾಂಶದಲ್ಲಿ ರೂಢಿಯಾದ ಕೀಲಿಮಣೆ ಅದು.

ಪ್ರೋಗ್ರಾಂ ಬೇಕಾದಾಗ ಜಾಲತಾಣ ಹುಡುಕುವ ವಿಂಡೋಸ್ ಅಭ್ಯಾಸ ಬಿಡಿ. ಸಾಫ್ಟ್‌ವೇರ್ ಮ್ಯಾನೇಜರಿನಲ್ಲೇ ಬಹುಪಾಲು ಸಿಗುತ್ತವೆ. ಎಲ್ಲೋ ಕಂಡ ಕಮಾಂಡನ್ನು ಅರ್ಥವಾಗದೆ ಟರ್ಮಿನಲ್ಲಿಗೆ (ಕಮಾಂಡ್ ಟೈಪಿಸುವ ಕಿಟಕಿಗೆ) ಅಂಟಿಸಲೇಬೇಡಿ, ಅದರಲ್ಲೂ ಸುಡೊ (ಇಡೀ ವ್ಯವಸ್ಥೆಯ ಮೇಲೆ ಅಧಿಕಾರ ಕೊಡುವ ಪದ) ಎಂದು ಶುರುವಾಗುವುದನ್ನು. ಟರ್ಮಿನಲ್ ಪಾಸ್‌ವರ್ಡ್ ಕೇಳಿದಾಗ ನೀವು ಒತ್ತುವ ಅಕ್ಷರ ಕಾಣದೇ ಇರಬಹುದು. ಕೀಬೋರ್ಡ್ ಕೆಟ್ಟಿದೆ ಅಂತ ಗಾಬರಿಯಾಗಬೇಡಿ, ಒತ್ತಿ ಎಂಟರ್ ಕೊಡಿ.

ಪೆನ್‌ಡ್ರೈವ್ ಅಳಿಸಬೇಡಿ. ಅದಕ್ಕೊಂದು ಚೀಟಿ ಅಂಟಿಸಿ ಇಟ್ಟುಕೊಳ್ಳಿ. ಮುಂದೆಂದಾದರೂ ಕಂಪ್ಯೂಟರ್ ಏಳದೇ ಹೋದರೆ ಅದರಿಂದಲೇ ಲೈವ್ ಶುರುಮಾಡಿ, ಡಿಸ್ಕ್ ಚೆನ್ನಾಗಿದ್ದರೆ ಒಳಗಿನ ಕಡತಗಳನ್ನು ಹೊರಗೆ ತೆಗೆದುಕೊಳ್ಳಬಹುದು.