ನಗರ ಕಟ್ಟುವ ಆಟಗಳಲ್ಲಿ ನಗರ ವಿನ್ಯಾಸವನ್ನು ಓದುವ ಬಗೆ

ನಗರ ಕಟ್ಟುವ ವಿಡಿಯೋ ಗೇಮ್‌ಗಳನ್ನು ಹೆಚ್ಚಿನವರು ಜನಸಂಖ್ಯೆ ಏರಿಸುವುದಕ್ಕೆ ಮತ್ತು ಖಜಾನೆ ತುಂಬಿಸುವುದಕ್ಕೆ ಆಡುತ್ತಾರೆ. ನಿಜವಾದ ನಗರಗಳು ಹೇಗೆ ರೂಪುಗೊಳ್ಳುತ್ತವೆ ಎಂಬುದನ್ನು ಅರಿಯುವುದಕ್ಕೂ ಅದೇ ಆಟವನ್ನು ಆಡಬಹುದು, ಆದರೆ ಅದಕ್ಕಾಗಿ ಆಡುವ ಕ್ರಮವನ್ನು ಬದಲಿಸಿಕೊಳ್ಳಬೇಕಾಗುತ್ತದೆ. ಬೇಕಾದ ಸಲಕರಣೆಗಳು ಮೂರೇ: ಒಂದು ಆಟ, ನಿಮಗೆ ಚೆನ್ನಾಗಿ ಪರಿಚಯವಿರುವ ಯಾವುದಾದರೂ ನಗರದ ನಕ್ಷೆ, ಟಿಪ್ಪಣಿಗೊಂದು ಪುಸ್ತಕ. ಇಲ್ಲಿನ ಉದಾಹರಣೆಗಳನ್ನು ಸಿಮ್‌ಸಿಟಿ ಮತ್ತು ಸಿಟೀಸ್: ಸ್ಕೈಲೈನ್ಸ್ ಸರಣಿಗಳಿಂದ ಆರಿಸಿದ್ದರೂ ಕ್ರಮವು ಬೇರೆ ಆಟಗಳಿಗೂ ಒಪ್ಪುತ್ತದೆ.

ಮೊದಲ ಇಟ್ಟಿಗೆ ಇಡುವ ಮುನ್ನ, ಆಟದ ಹಿಂದಿರುವ ಗಣಿತ ಮಾದರಿಯು ಏನನ್ನು ನಂಬಿದೆ ಎಂದು ಕೇಳಿಕೊಳ್ಳಬೇಕು. 1989ರಲ್ಲಿ ಬಂದ ಮೊದಲ ಸಿಮ್‌ಸಿಟಿಯನ್ನು ರೂಪಿಸಿದ ವಿಲ್ ರೈಟ್, ಅಮೆರಿಕದ ಎಂಐಟಿ ತಂತ್ರಜ್ಞಾನ ಸಂಸ್ಥೆಯ ಜೇ ಫಾರೆಸ್ಟರ್ 1969ರಲ್ಲಿ ಪ್ರಕಟಿಸಿದ ನಗರ ಮಾದರಿಯಿಂದ ಪ್ರೇರಣೆ ಪಡೆದಿದ್ದರು. ಉದ್ಯೋಗ, ಮನೆ, ಜನ ಇವು ಒಂದನ್ನೊಂದು ಹೇಗೆ ಎಳೆಯುತ್ತವೆ ಎಂಬುದನ್ನು ಸಮೀಕರಣಗಳಲ್ಲಿ ಹಿಡಿದಿಟ್ಟ ಆ ಮಾದರಿಯು, ಬಡವರಿಗಾಗಿ ಅಗ್ಗದ ಮನೆ ಕಟ್ಟಿಸುವುದರಿಂದ ನಗರದ ಅವನತಿ ಹೆಚ್ಚುತ್ತದೆ ಎಂಬ ತೀರ್ಮಾನಕ್ಕೆ ಬಂದಿತ್ತು; ನಗರವನ್ನು ಸುತ್ತುವರಿದ ಉಪನಗರಗಳಿಗೆ ಅದರಲ್ಲಿ ಸ್ಥಾನವೇ ಇರಲಿಲ್ಲವೆಂದು ಅದು ಕಟುವಾದ ಟೀಕೆಗೂ ಗುರಿಯಾಯಿತು. ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆಯಲ್ಲಿಯೇ ಅರ್ಧ ಉತ್ತರ ಅಡಗಿರುತ್ತದೆ. ಆದ್ದರಿಂದ ಆಡುತ್ತಾ ಹೋದಂತೆ ಭೂಮಿಯ ಬೆಲೆ ಯಾವುದರಿಂದ ಏರುತ್ತದೆ, ಜನ ಊರು ಬಿಟ್ಟು ಹೋಗುವುದು ಯಾವಾಗ, ತೆರಿಗೆ ಹೆಚ್ಚಿಸಿದರೆ ಮೊದಲು ಯಾರಿಗೆ ತಟ್ಟುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಈ ಪಟ್ಟಿಯೇ ಆಟದ ಅಲಿಖಿತ ಸಂವಿಧಾನ.

ಎರಡನೆಯದಾಗಿ, ಯಾವ ಪ್ರಯೋಗಕ್ಕೂ ಮುಂಚೆ ಊರನ್ನು ಎರಡು ಸೇವ್ ಫೈಲ್‌ಗಳಾಗಿ ಉಳಿಸಿಕೊಳ್ಳಿ. ಒಂದನ್ನು ಇದ್ದಂತೆಯೇ ಬಿಟ್ಟು ಇನ್ನೊಂದರಲ್ಲಿ ಒಂದೇ ಒಂದು ಬದಲಾವಣೆ ಮಾಡಿ, ಎರಡನ್ನೂ ಅಷ್ಟೇ ಕಾಲ ಓಡಿಸಿ ಹೋಲಿಸಬೇಕು. ನಿಜವಾದ ನಗರದಲ್ಲಿ ಯೋಜಕರಿಗೆ ಎಂದೂ ದಕ್ಕದ ಸೌಲಭ್ಯವಿದು, ಇದನ್ನು ಬಳಸದೆ ಆಡುವುದು ದೊಡ್ಡ ನಷ್ಟ.

ಪ್ರಯೋಗಗಳನ್ನು ವಲಯ ವಿಂಗಡಣೆಯಿಂದ ಆರಂಭಿಸುವುದು ಒಳ್ಳೆಯದು. ಹಸಿರು ವಸತಿ, ನೀಲಿ ವಾಣಿಜ್ಯ, ಹಳದಿ ಕೈಗಾರಿಕೆ ಎಂಬ ಮೂರು ಬಣ್ಣಗಳು ಎಷ್ಟು ರೂಢಿಯಾಗಿವೆಯೆಂದರೆ, ನಗರವೆಂದರೆ ಹೀಗೆಯೇ ಹೋಳಾಗಿರಬೇಕು ಎಂದು ಆಟಗಾರನಿಗೆ ಅನ್ನಿಸಿಬಿಡುತ್ತದೆ. ಆದರೆ ಬಳಕೆಗೆ ತಕ್ಕಂತೆ ನೆಲವನ್ನು ಕಟ್ಟುನಿಟ್ಟಾಗಿ ಬೇರ್ಪಡಿಸುವ ಈ ಪದ್ಧತಿಗೆ ಒಂದು ನಿರ್ದಿಷ್ಟ ಚರಿತ್ರೆಯಿದೆ: ನ್ಯೂಯಾರ್ಕ್ ನಗರ 1916ರಲ್ಲಿ ಇಡೀ ನಗರಕ್ಕೆ ಅನ್ವಯಿಸುವ ವಲಯ ನಿಯಮಗಳನ್ನು ತಂದಿತು, 1926ರಲ್ಲಿ ಒಹಾಯೊ ರಾಜ್ಯದ ಯೂಕ್ಲಿಡ್ ಎಂಬ ಊರಿನ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇಂತಹ ನಿಯಮಗಳನ್ನು ಎತ್ತಿಹಿಡಿಯಿತು. ಅದಕ್ಕೆ ಪ್ರತಿಯಾಗಿ, ಮನೆ, ಅಂಗಡಿ, ಕಚೇರಿಗಳು ಬೆರೆತಿರುವ ಬೀದಿಯೇ ದಿನವಿಡೀ ಜೀವಂತವಾಗಿಯೂ ಸುರಕ್ಷಿತವಾಗಿಯೂ ಇರುತ್ತದೆ ಎಂದು ನಗರಗಳ ಬಗ್ಗೆ ಬರೆಯುತ್ತಿದ್ದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲಿ ವಾದಿಸಿದರು. ಜಪಾನಿನ ವಲಯ ನಿಯಮಗಳಂತೂ ಬಹುತೇಕ ವಸತಿ ಪ್ರದೇಶಗಳಲ್ಲಿ ಚಿಕ್ಕ ಅಂಗಡಿಗಳಿಗೆ ಅವಕಾಶ ಕೊಡುತ್ತವೆ.

ಇದನ್ನು ನೀವೇ ಪರೀಕ್ಷಿಸಬಹುದು. ಒಂದು ಫೈಲಿನಲ್ಲಿ ಮನೆಗಳನ್ನೆಲ್ಲ ನದಿಯ ಒಂದು ದಡದಲ್ಲಿ, ಕೆಲಸದ ಜಾಗಗಳನ್ನೆಲ್ಲ ಇನ್ನೊಂದು ದಡದಲ್ಲಿ ಇಟ್ಟು ಒಂದೇ ಸೇತುವೆ ಕಟ್ಟಿ. ಇನ್ನೊಂದರಲ್ಲಿ ಅಷ್ಟೇ ಮನೆಗಳನ್ನೂ ಅಂಗಡಿಗಳನ್ನೂ ಸಣ್ಣ ಸಣ್ಣ ತುಂಡುಗಳಾಗಿ ಎರಡೂ ದಡಗಳಲ್ಲಿ ಹಂಚಿ. ಸಂಚಾರ ದಟ್ಟಣೆಯ ನಕ್ಷೆಯನ್ನು ತೆರೆದಾಗ ಮೊದಲ ಊರಿನ ಸೇತುವೆ ಕೆಂಪಾಗಿರುತ್ತದೆ, ಎರಡನೆಯದರಲ್ಲಿ ಓಡಾಟ ಹಲವು ಬೀದಿಗಳಿಗೆ ಹರಡಿಕೊಂಡಿರುತ್ತದೆ. ಅಲ್ಲಿ ಸೇತುವೆಯನ್ನು ಅಗಲ ಮಾಡುವುದಕ್ಕಿಂತ ವಲಯಗಳನ್ನು ಬೆರೆಸುವುದೇ ಉತ್ತಮ ಚಿಕಿತ್ಸೆ. 2023ರ ಸಿಟೀಸ್: ಸ್ಕೈಲೈನ್ಸ್ 2ರಲ್ಲಿ ಕೆಳಗೆ ಅಂಗಡಿ, ಮೇಲೆ ಮನೆಯಿರುವ ಮಿಶ್ರ ವಲಯವೇ ಸಿಗುವುದರಿಂದ ಈ ಪ್ರಯೋಗವನ್ನು ಇನ್ನೂ ಮುಂದಕ್ಕೆ ಒಯ್ಯಬಹುದು.

ರಸ್ತೆಗಳ ವಿಷಯದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಆಟಗಳು ಅತ್ಯಂತ ಚೆನ್ನಾಗಿ ಕಲಿಸುವುದೂ ಅತ್ಯಂತ ಸುಲಭವಾಗಿ ದಾರಿ ತಪ್ಪಿಸುವುದೂ ಇಲ್ಲಿಯೇ. ಮನೆ ಬಾಗಿಲಿನ ಬೀದಿ, ಬಡಾವಣೆಗಳ ಸಂಚಾರವನ್ನು ಕೂಡಿಸಿಕೊಳ್ಳುವ ರಸ್ತೆ, ಊರನ್ನು ದಾಟುವ ಮುಖ್ಯ ರಸ್ತೆ, ಹೆದ್ದಾರಿ ಎಂಬ ಶ್ರೇಣಿಯನ್ನು ಪಾಲಿಸಿದರೆ ಆಟದ ಊರು ಸಲೀಸಾಗಿ ಉಸಿರಾಡುತ್ತದೆ. ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಚಂಡೀಗಢಕ್ಕೆ ರೂಪಿಸಿದ ವಿ1ರಿಂದ ವಿ7ರವರೆಗಿನ ರಸ್ತೆ ವ್ಯವಸ್ಥೆ ಇದೇ ತತ್ವದ ಶುದ್ಧ ರೂಪ: ವಿ1 ಹೊರಊರುಗಳಿಂದ ಬರುವ ಹೆದ್ದಾರಿ, ವಿ7 ಹಸಿರು ಪಟ್ಟಿಯೊಳಗಿನ ಕಾಲುದಾರಿ, ವೇಗದ ರಸ್ತೆಗಳ ನಡುವೆ ಸುಮಾರು 800 ಮೀಟರ್ ಅಗಲ, 1200 ಮೀಟರ್ ಉದ್ದದ ಸೆಕ್ಟರುಗಳು. ಬಾರ್ಸಿಲೋನಾದ ವಿಸ್ತರಣೆಗೆ ಇಲ್ಡೆಫೊನ್ಸ್ ಸೆರ್ದಾ 1859ರಲ್ಲಿ ಹಾಕಿದ ಯೋಜನೆ ಬೇರೆಯೇ ದಾರಿ ಹಿಡಿಯುತ್ತದೆ. ಅಲ್ಲಿ ಬೀದಿಗಳು ಚೌಕಾಕಾರದ ಜಾಲವಾಗಿವೆ, ಪ್ರತಿ ಬ್ಲಾಕಿನ ಮೂಲೆಗಳನ್ನು ಓರೆಯಾಗಿ ಕತ್ತರಿಸಲಾಗಿದೆ. ಒಂದೇ ವಿಸ್ತೀರ್ಣದಲ್ಲಿ ಈ ಎರಡು ಮಾದರಿಗಳನ್ನೂ ಕಟ್ಟಿ ನೋಡಿ. ಚೌಕ ಜಾಲದಲ್ಲಿ ಒಂದು ರಸ್ತೆ ಮುಚ್ಚಿದರೂ ಸಂಚಾರಕ್ಕೆ ಬೇರೆ ದಾರಿಗಳಿರುತ್ತವೆ. ಶ್ರೇಣಿಯ ಊರಿನಲ್ಲಿ ಮುಖ್ಯ ರಸ್ತೆಯ ಒಂದು ಜಂಕ್ಷನ್ ಕೆಟ್ಟರೆ ಇಡೀ ಭಾಗ ಸಿಕ್ಕಿಹಾಕಿಕೊಳ್ಳುತ್ತದೆ.

ದಟ್ಟಣೆ ಕಂಡಾಗ ರಸ್ತೆಯನ್ನು ಅಗಲ ಮಾಡುವ ಮೊದಲು ಜಂಕ್ಷನ್‌ಗಳನ್ನು ನೋಡಿ. ಮೊದಲ ಸ್ಕೈಲೈನ್ಸ್‌ನಲ್ಲಿ ಆರು ಲೇನುಗಳಿದ್ದರೂ ವಾಹನಗಳು ಮುಂದಿನ ತಿರುವಿಗೆ ಬೇಕಾದ ಒಂದೇ ಲೇನಿನಲ್ಲಿ ಸಾಲುಗಟ್ಟುವುದನ್ನು ಕಾಣುವಿರಿ. ಜಂಕ್ಷನ್‌ಗಳ ನಡುವಿನ ಅಂತರ ಹೆಚ್ಚಿಸುವುದು, ಸಿಗ್ನಲ್ ತೆಗೆದು ವೃತ್ತ ಮಾಡುವುದು, ಲಾರಿಗಳಿಗೆ ಹೆದ್ದಾರಿಯಿಂದ ನೇರ ದಾರಿ ಕೊಡುವುದು ಬಹಳ ಸಲ ಅಗಲೀಕರಣಕ್ಕಿಂತ ಹೆಚ್ಚು ಫಲ ಕೊಡುತ್ತವೆ. ಇಷ್ಟು ನಿಜ. ಆದರೆ ರಸ್ತೆ ಅಗಲವಾದಾಗ ಹೊಸ ಸಂಚಾರ ಹುಟ್ಟಿಕೊಂಡು ಅದನ್ನು ಮತ್ತೆ ತುಂಬುತ್ತದೆ ಎಂಬ, ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1962ರಲ್ಲಿ ನಗರ ಹೆದ್ದಾರಿಗಳ ಬಗ್ಗೆ ಹೇಳಿದ ಸಂಗತಿ ಆ ಆಟದಲ್ಲಿ ಸರಿಯಾಗಿ ಕಾಣುವುದಿಲ್ಲ. ಅದರ ವಾಹನಗಳು ದಟ್ಟಣೆಯನ್ನು ನೋಡಿ ದಾರಿ ಬದಲಿಸುವುದಿಲ್ಲ, ಬಹಳ ಹೊತ್ತು ಸಿಕ್ಕಿಹಾಕಿಕೊಂಡರೆ ಮಾಯವಾಗಿಬಿಡುತ್ತವೆ. ಹಾಗಾಗಿ ಆಟದಲ್ಲಿ ಗೆದ್ದ ಅಗಲೀಕರಣವನ್ನು ನಿಜ ನಗರಕ್ಕೆ ಸಾಕ್ಷ್ಯವಾಗಿ ತರಬೇಡಿ. ರಸ್ತೆ ತೆಗೆದುಹಾಕುವ ಪ್ರಯೋಗವನ್ನೂ ಅವಶ್ಯ ಮಾಡಿ. ಹೊಸ ದಾರಿಯೊಂದನ್ನು ಸೇರಿಸಿದಾಗ ಎಲ್ಲರ ಪ್ರಯಾಣವೂ ನಿಧಾನವಾಗಬಹುದು ಎಂದು ಜರ್ಮನಿಯ ಗಣಿತಜ್ಞ ಡೀಟ್ರಿಶ್ ಬ್ರೆಸ್ 1968ರಲ್ಲಿ ಗಣಿತದಿಂದ ತೋರಿಸಿದ್ದರು. ದಕ್ಷಿಣ ಕೊರಿಯಾದ ರಾಜಧಾನಿ ಸೋಲ್ ತನ್ನ ನಡುವಿನ ಮೇಲ್ಸೇತುವೆ ಹೆದ್ದಾರಿಯನ್ನು ಕೆಡವಿ, 2005ರಲ್ಲಿ ಅದೇ ಜಾಗದಲ್ಲಿ ಚೊಂಗೆಚೊನ್ ತೊರೆಯನ್ನು ಜನರಿಗೆ ತೆರೆಯಿತು.

ನೀರಿನ ಪಾಠ ಚಿಕ್ಕದು. ಚರಂಡಿಯ ಕೊಳವೆಯನ್ನು ನೀರೆತ್ತುವ ಪಂಪಿಗಿಂತ ನದಿಯ ಮೇಲ್ಭಾಗದಲ್ಲಿ ಇಟ್ಟರೆ ಸ್ಕೈಲೈನ್ಸ್‌ನ ಜನ ಕಾಯಿಲೆ ಬೀಳುತ್ತಾರೆ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಪಂಪಿಗೂ ಕಾಲರಾಗೂ ಇರುವ ನಂಟನ್ನು ವೈದ್ಯ ಜಾನ್ ಸ್ನೋ ಗುರುತಿಸಿದ್ದು, 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯಿಂದ ಎದ್ದ ದುರ್ನಾತದ ನಂತರ ಎಂಜಿನಿಯರ್ ಜೋಸೆಫ್ ಬ್ಯಾಜಲ್ಜೆಟ್ ಅಲ್ಲಿ ಭಾರಿ ಒಳಚರಂಡಿ ಜಾಲ ಕಟ್ಟಿದ್ದು ಇದೇ ಅರಿವಿನ ಮುಂದುವರಿಕೆ.

ಕಾಲದ ಪಾಠವನ್ನು ಮಾತ್ರ ಬಹಳ ಮಂದಿ ತಪ್ಪಿಸಿಕೊಳ್ಳುತ್ತಾರೆ. ಒಂದೇ ಸಲಕ್ಕೆ ದೊಡ್ಡ ವಸತಿ ಪ್ರದೇಶ ತೆರೆದರೆ ಸರಿಸುಮಾರು ಒಂದೇ ವಯಸ್ಸಿನವರು ಬಂದು ನೆಲೆಸುತ್ತಾರೆ, ವರ್ಷಗಳು ಕಳೆದ ಮೇಲೆ ಒಟ್ಟಿಗೆ ಮುಪ್ಪಾಗಿ ಒಟ್ಟಿಗೆ ಸಾಯುತ್ತಾರೆ. ಆಟಗಾರರು ಇದನ್ನು ಸಾವಿನ ಅಲೆ ಎನ್ನುತ್ತಾರೆ. ನಿಜ ಜೀವನದಲ್ಲಿ ಅಲೆ ಇಷ್ಟು ಕಡಿದಾಗಿರುವುದಿಲ್ಲ, ಆದರೆ ಒಮ್ಮೆಗೇ ತುಂಬಿದ ಬಡಾವಣೆಯಲ್ಲಿ ಮೊದಲು ಶಾಲೆ ಸಾಲದಾಗುವುದೂ ಆಮೇಲೆ ಅದೇ ಶಾಲೆ ಖಾಲಿಯಾಗುವುದೂ ಇದೇ ಕಾರಣಕ್ಕೆ. ವಲಯಗಳನ್ನು ಕಂತುಕಂತಾಗಿ ತೆರೆದು, ವ್ಯತ್ಯಾಸವನ್ನು ಹಲವು ಆಟದ ವರ್ಷಗಳ ನಂತರ ಅಳೆಯಿರಿ.

ಕೊನೆಗೆ ಆಟ ಬಚ್ಚಿಡುವುದನ್ನು ಹುಡುಕಬೇಕು, ಇದಕ್ಕೇ ನಿಜ ನಗರದ ನಕ್ಷೆ ಬೇಕಾದದ್ದು. 2013ರ ಸಿಮ್‌ಸಿಟಿಯ ಮುಖ್ಯ ವಿನ್ಯಾಸಕ ಸ್ಟೋನ್ ಲಿಬ್ರಾಂಡಿ, ನಿಜ ನಗರಗಳಲ್ಲಿ ಇರುವಷ್ಟೇ ಪಾರ್ಕಿಂಗ್ ಜಾಗವನ್ನು ತೋರಿಸಿದ್ದರೆ ಆಟ ನೀರಸವಾಗುತ್ತಿತ್ತು ಎಂದು ವಿವರಿಸಿದ್ದಾರೆ. ನಿಮ್ಮ ನಕ್ಷೆಯ ಒಂದು ಮಾರುಕಟ್ಟೆ ಪ್ರದೇಶದಲ್ಲಿ ವಾಹನ ನಿಲ್ಲಿಸಲು ಮೀಸಲಾದ ನೆಲವನ್ನೆಲ್ಲ ಬಣ್ಣ ಹಚ್ಚಿ ಗುರುತಿಸಿ, ಆಟದ ಊರಿನ ಅದೇ ಬಗೆಯ ಪ್ರದೇಶದೊಂದಿಗೆ ಹೋಲಿಸಿದರೆ ಆ ಮಾತಿನ ತೂಕ ತಿಳಿಯುತ್ತದೆ.

ಇದಕ್ಕಿಂತ ದೊಡ್ಡ ಮೌನ ನೆಲದ ಒಡೆತನದ ಬಗ್ಗೆ. ಆಟದಲ್ಲಿ ಬುಲ್‌ಡೋಜರ್ ಗುಂಡಿ ಒತ್ತಿದರೆ ಮನೆ ಹೋಗುತ್ತದೆ; ಭೂಸ್ವಾಧೀನ, ಪರಿಹಾರ, ತಕರಾರು, ನ್ಯಾಯಾಲಯ ಯಾವುದೂ ಇಲ್ಲ. ಈ ಕೊರತೆಯನ್ನು ನೀವೇ ನಿಯಮ ಹಾಕಿಕೊಂಡು ತುಂಬಬೇಕು. ಜನ ವಾಸಿಸುವ ಕಟ್ಟಡವನ್ನು ಕೆಡವಿದರೆ ಅಷ್ಟೇ ಮನೆಗಳನ್ನು ಅದೇ ಬಸ್ ಮಾರ್ಗದ ಮೇಲೆ ಮೊದಲು ಕಟ್ಟಿರಬೇಕು ಎಂಬುದು ನಾನು ಸೂಚಿಸುವ ಮೊದಲ ನಿಯಮ. ಎರಡನೆಯದು, ಒಬ್ಬರೇ ಆಡದಿರುವುದು. ವಿಶ್ವಸಂಸ್ಥೆಯ ಯುಎನ್-ಹ್ಯಾಬಿಟಾಟ್ 2012ರಿಂದ ಮೈನ್‌ಕ್ರಾಫ್ಟ್ ಎಂಬ ಕಟ್ಟುವ ಆಟವನ್ನು ಬಳಸಿ ನಡೆಸಿರುವ ಬ್ಲಾಕ್ ಬೈ ಬ್ಲಾಕ್ ಕಾರ್ಯಕ್ರಮದಲ್ಲಿ ಸ್ಥಳೀಯ ನಿವಾಸಿಗಳೇ ಕೂತು ತಮ್ಮ ಸಾರ್ವಜನಿಕ ಜಾಗಗಳ ಮಾದರಿ ಕಟ್ಟುತ್ತಾರೆ. ಅದೇ ರೀತಿಯಲ್ಲಿ ಇಬ್ಬರು ಮೂವರನ್ನು ಜೊತೆಗೆ ಕೂರಿಸಿಕೊಂಡು ಒಬ್ಬರಿಗೆ ಅಂಗಡಿಯವರ ಪಾತ್ರ, ಒಬ್ಬರಿಗೆ ನಡೆದೇ ಓಡಾಡುವ ಹಿರಿಯರ ಪಾತ್ರ ಕೊಡಿ. ಅವರಿಬ್ಬರೂ ಒಪ್ಪುವವರೆಗೆ ಮೌಸ್ ಹಿಡಿದವರು ಮುಖ್ಯ ರಸ್ತೆ ಎಳೆಯಬಾರದು, ಮತ್ತು ಒಪ್ಪಿಗೆ ಸಿಗದ ರಸ್ತೆಗಳಿಗೆ ಅವರು ಕೊಟ್ಟ ಕಾರಣಗಳನ್ನು ಟಿಪ್ಪಣಿ ಪುಸ್ತಕದಲ್ಲಿ ಅವರದೇ ಮಾತುಗಳಲ್ಲಿ ದಾಖಲಿಸಬೇಕು.