ತಾತನ ಮಿಲಿಟರಿ ಮೆಡಲ್ ಮಾರೋಕೆ ಮುಂಚೆ

ತಾತ ಹೋಗಿ ವರ್ಷ ತುಂಬೋದ್ರೊಳಗೆ ಅವರ ಟ್ರಂಕ್ ಖಾಲಿ ಮಾಡೋ ಮನೆಗಳನ್ನ ತುಂಬಾ ನೋಡಿದೀನಿ. ಮೆಡಲ್ಲು ಬೆಳ್ಳಿ ಅಂಗಡಿಗೆ, ಯೂನಿಫಾರ್ಮ್ ಹಳೇ ಬಟ್ಟೆಯವ್ರಿಗೆ, ಕಾಗದ ಎಲ್ಲಾ ರದ್ದಿಗೆ. ಹೀಗೆ ಚದುರಿಹೋದ್ಮೇಲೆ ಅವ್ರು ಯಾವ ಯುದ್ಧಕ್ಕೆ ಹೋಗಿದ್ರು ಅನ್ನೋದಕ್ಕೆ ಸಾಕ್ಷಿನೂ ಇರಲ್ಲ, ಸರಿಯಾದ ದುಡ್ಡೂ ಸಿಗಲ್ಲ. ಕಷ್ಟ ಇದ್ರೆ ಮಾರಿ, ತಪ್ಪೇನಿಲ್ಲ, ಆದ್ರೆ ಎಲ್ಲಾ ಒಟ್ಟಿಗೇ ಮಾರಿ.

1. ಏನನ್ನೂ ತೊಳೀಬೇಡಿ. ಹುಣಸೆಹಣ್ಣು, ವಿಭೂತಿ, ಮೆಟಲ್ ಪಾಲಿಶ್ ಯಾವ್ದೂ ಬೇಡ, ಕಪ್ಪಗಿದ್ರೆ ಕಪ್ಪಗೇ ಇರ್ಲಿ. ಮೆತ್ತನೆ ಪಿವಿಸಿ ಕವರ್ ಇರೋ ಕಾಯಿನ್ ಆಲ್ಬಂ ತರ್ಲೇಬೇಡಿ, ಕೆಲವೇ ವರ್ಷದಲ್ಲಿ ಲೋಹಕ್ಕೆ ಹಸಿರು ಅಂಟು ಹಿಡಿಸತ್ತೆ. ಸೇನೆ ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಬುಕ್ಕಿಗೆ ಲ್ಯಾಮಿನೇಷನ್ ಅಂತೂ ಮಾಡಿಸ್ಲೇಬೇಡಿ.

2. ಗುಂಡು, ಪಿಸ್ತೂಲು, ಬಂದೂಕು ಸಿಕ್ರೆ ಮಾರೋ ಮಾತೇ ಇಲ್ಲ, ತಡ ಮಾಡದೆ ಪೊಲೀಸ್ ಠಾಣೆಗೆ ತಿಳಿಸಿ.

3. ಎಲ್ಲರೂ ಎಡವೋದು ಇಲ್ಲೇ. ಮೆಡಲ್ಲಿನ ಮುಖ ನೋಡಿ ಬೆಲೆ ಕಟ್ತಾರೆ, ನೋಡ್ಬೇಕಾಗಿರೋದು ಅಂಚು. ಕತ್ತಲೆ ರೂಮಲ್ಲಿ ಮೊಬೈಲ್ ಟಾರ್ಚನ್ನ ಪಕ್ಕದಿಂದ ಓರೆಯಾಗಿ ಹಿಡ್ಕೊಂಡು ಭೂತಗನ್ನಡಿ ಇಟ್ಟು ಮೆಡಲ್ಲನ್ನ ನಿಧಾನವಾಗಿ ತಿರುಗಿಸಿ, ನಂಬರ್, ರ‍್ಯಾಂಕ್, ಹೆಸರು, ಯೂನಿಟ್ ಒಂದೊಂದೇ ಅಕ್ಷರವಾಗಿ ಕಾಣ್ಸತ್ತೆ. ನಂಬರಿನ ಮುಂದೆ ಐಸಿ ಅಂತಿದ್ರೆ ಆಫೀಸರ್, ಜೆಸಿ ಅಂತಿದ್ರೆ ಸುಬೇದಾರ್ ದರ್ಜೆಯವ್ರು. ಆ ನಂಬರನ್ನ ಡಿಸ್ಚಾರ್ಜ್ ಬುಕ್ಕಿನ ಜೊತೆ ತಾಳೆ ನೋಡಿ. ಅಂಚು ಪೂರ್ತಿ ಖಾಲಿ ಇದ್ರೆ ಅದು ಪೆರೇಡಿಗೆ ಅಂತ ಕಂಟೋನ್ಮೆಂಟ್ ಅಂಗಡಿಯಲ್ಲಿ ಹಾಕಿಸ್ಕೊಂಡ ಡೂಪ್ಲಿಕೇಟ್ ಸೆಟ್ ಇರ್ಬಹುದು, ಅಸಲಿ ಮೆಡಲ್ಲು ಟ್ರಂಕಿನ ತಳದಲ್ಲಿ ಡಬ್ಬಿಯಲ್ಲೇ ಇರ್ಬಹುದು, ಹುಡುಕಿ. ಮೊದಲ ಮಹಾಯುದ್ಧದ 1914-15 ಸ್ಟಾರಿಗೆ ಮಾತ್ರ ಹೆಸರು ಅಂಚಲ್ಲಲ್ಲ, ಹಿಂಭಾಗದಲ್ಲಿರತ್ತೆ.

ಅದೇ ಯುದ್ಧದ ಬ್ರಿಟಿಷ್ ವಾರ್ ಮೆಡಲ್ ಬೆಳ್ಳೀದು, ಸುಮಾರು ಒಂದು ಔನ್ಸ್ ತೂಕ, ಅದಕ್ಕೇ ಚಿನಿವಾರ್ರು ತೂಕಕ್ಕೆ ಹಾಕ್ತಾರೆ. ಅದೇ ಮೆಡಲ್ಲಿನ ಅಂಚಲ್ಲಿ ಮೈಸೂರು ಲ್ಯಾನ್ಸರ್ಸ್ (ಮೈಸೂರು ಸಂಸ್ಥಾನದ ಕುದುರೆ ಸೈನ್ಯ) ಅಂತಿದ್ರೆ ನೀವು ಹಿಡ್ಕೊಂಡಿರೋದು 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾದಲ್ಲಿ ಕುದುರೆ ಮೇಲೆ ನುಗ್ಗಿದ ದಳದವರೊಬ್ಬರ ಗುರುತು, ಅದನ್ನ ಕರಗಿಸೋದು ಅಂದ್ರೆ ನಂಗೆ ಹೊಟ್ಟೆ ಉರಿಯತ್ತೆ.

4. ಬೆಲೆ ವಿಷ್ಯ. 1965ರ ರಕ್ಷಾ ಮೆಡಲ್, 1971ರ ಸಂಗ್ರಾಮ್ ಮೆಡಲ್ ಸಾವಿರಾರು ಜನಕ್ಕೆ ಸಿಕ್ಕಿದ್ದು, ಬಿಡಿಯಾಗಿ ದೊಡ್ಡ ಬೆಲೆ ಇಲ್ಲ. ವೀರ ಚಕ್ರದಂಥ ಶೌರ್ಯ ಪದಕ, ಅಥವಾ ಒಬ್ರದ್ದೇ ಪೂರ್ತಿ ಸೆಟ್ಟು, ಜೊತೆಗೆ ಫೋಟೋ, ಫ್ರಂಟಿನಿಂದ ಬರೆದ ಕಾಗದ ಇದ್ರೆ ಕಥೆನೇ ಬೇರೆ. ಆನ್‌ಲೈನಲ್ಲಿ ಹಾಕಿರೋ ರೇಟ್ ನಂಬ್ಬೇಡಿ, ಅದು ಕೇಳಿದ ರೇಟು, ಹರಾಜಲ್ಲಿ ನಿಜವಾಗ್ಲೂ ಹೋದ ರೇಟ್ ನೋಡಿ. ಇಬ್ಬರ ಹತ್ರ ಬರವಣಿಗೆಯಲ್ಲಿ ಅಂದಾಜು ತಗೊಳ್ಳಿ, ಬೆಲೆ ಹೇಳಿದವ್ರಿಗೇ ಅವತ್ತೇ ಮಾರೋದಂತೂ ಬೇಡ.

5. ಅಜ್ಜಿ ಇದ್ರೆ ಮೊದ್ಲು ಅವರನ್ನ ಕೇಳಿ, ಆಮೇಲೆ ಅಣ್ಣತಮ್ಮಂದಿರು, ಅತ್ತೆಯಂದಿರನ್ನೂ ಕೂರಿಸ್ಕೊಂಡು ಒಪ್ಪಿಗೆ ತಗೊಳ್ಳಿ. ಪಿಪಿಒ (ಪೆನ್ಷನ್ ಮಂಜೂರಾದ ಆದೇಶಪತ್ರ), ಡಿಸ್ಚಾರ್ಜ್ ಬುಕ್ ಅಜ್ಜಿಯ ಪೆನ್ಷನ್ನಿಗೆ ಬೇಕು, ಒರಿಜಿನಲ್ ಕೊಡ್ಬೇಡಿ, ಜೆರಾಕ್ಸ್ ಸಾಕು.

6. ನೂರು ವರ್ಷ ದಾಟಿದ ಚಾರಿತ್ರಿಕ ವಸ್ತುಗೆ 1972ರ ಪ್ರಾಚ್ಯವಸ್ತು ಕಾಯ್ದೆ ಬರತ್ತೆ, ಖಾಸಗಿಯವ್ರು ಅದನ್ನ ಹೊರದೇಶಕ್ಕೆ ಕಳ್ಸೋ ಹಾಗಿಲ್ಲ. ಮೊದಲ ಮಹಾಯುದ್ಧದ್ದು ಏನಾದ್ರೂ ಇದ್ರೆ ಮಾರೋ ಮುಂಚೆ ಪುರಾತತ್ವ ಸರ್ವೇಕ್ಷಣಾ ಇಲಾಖೆಯಲ್ಲಿ ವಿಚಾರಿಸಿ. ಲಂಡನ್ನಿಗೆ ಕೊರಿಯರ್ ಮಾಡಿ, ಏನೂ ಆಗಲ್ಲ ಅನ್ನೋ ಏಜೆಂಟರನ್ನ ಬಾಗಿಲಿಂದಲೇ ಕಳ್ಸಿ.

7. ಕೊಳ್ಳೋರಿಗೆ ಕೊಡೋ ಮುಂಚೆ ಇವು ಅವರಿಗೆ ಬೇಕಾ ಅಂತ ಕೇಳಿ ತಾತನ ರೆಜಿಮೆಂಟಿಗೆ ಒಂದು ಕಾಗದ ಬರೀರಿ. ಮರಾಠಾ ಲೈಟ್ ಇನ್‌ಫೆಂಟ್ರಿ ಆದ್ರೆ ಬೆಳಗಾವಿ, ಮದ್ರಾಸ್ ಸ್ಯಾಪರ್ಸ್ ಆದ್ರೆ ಬೆಂಗಳೂರಿನ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಸೆಂಟರ್. ಕೊಡಗಿನವ್ರು ಮಡಿಕೇರಿಯ ಜನರಲ್ ತಿಮ್ಮಯ್ಯ ಮ್ಯೂಸಿಯಮ್ಮಲ್ಲೂ ಕೇಳ್ಬಹುದು. ಹರಾಜಿಗೇ ಕೊಡೋದಾದ್ರೆ ಕಮಿಷನ್ ಎಷ್ಟು, ಕನಿಷ್ಠ ಬೆಲೆ ಎಷ್ಟು, ಮಾರಾಟ ಆಗದಿದ್ರೆ ವಾಪಸ್ ಯಾವಾಗ ಅನ್ನೋದು ರಸೀದಿಯಲ್ಲೇ ಇರ್ಲಿ, ಮೆಡಲ್ ಅಂಚಿನ ಫೋಟೋ ತೆಗೆದು ಅದರ ಪ್ರಿಂಟ್ ಮೇಲೆ ಅವರ ಸಹಿನೂ ಹಾಕಿಸ್ಕೊಳ್ಳಿ.