ಮೇಷ್ಟ್ರ ಕೈಗೆ ಮೌಸ್ ಕೊಡೋದು ಹೇಗೆ? ಕೊಡಗಿನ ಶಾಲೆಗಳಿಗೆ ಒಂದಿಷ್ಟು ಕೈಪಾಠ

ನಿಮ್ಮ ಶಾಲೆಗೆ ಪ್ರೊಜೆಕ್ಟರೋ ಸ್ಮಾರ್ಟ್ ಟಿವಿಯೋ ಬಂದಿದೆ. ಎಚ್‌ಎಂ ನಿಮ್ಮನ್ನು ಕರೆದು, "ನಿಮಗೆ ಇದೆಲ್ಲ ಗೊತ್ತಲ್ವಾ, ಉಳಿದವರಿಗೂ ಸ್ವಲ್ಪ ಹೇಳಿಕೊಡಿ" ಅಂದಿದ್ದಾರೆ. ನನ್ನನ್ನೂ ಹೀಗೇ ಮುಂದೆ ತಳ್ಳಿದ್ದು. ಇದು ನಿಮ್ಮಂಥವರಿಗೆ ಬರೆದದ್ದು.

ನಾನು ಹೋಗಿದ್ದ ಮೊದಲ ತರಬೇತಿಯನ್ನು ಇನ್ನೂ ಮರೆತಿಲ್ಲ. ದೊಡ್ಡ ಹಾಲ್, ಅರವತ್ತು ಜನ, ಮೂರು ಲ್ಯಾಪ್‌ಟಾಪ್. ಕಲಿಸಲು ಬಂದವರು ಒಂದು ವಿಡಿಯೋ ತೆರೆದರು, ನೆಟ್ ಇಲ್ಲ, ಪರದೆ ಮೇಲೆ ಚಕ್ರ ತಿರುಗುತ್ತಲೇ ಇತ್ತು, ಅಷ್ಟರಲ್ಲಿ ಟೀ ಬಂತು, ಟೀ ಮುಗಿಯುವ ಹೊತ್ತಿಗೆ ಕರೆಂಟೂ ಹೋಯಿತು. ಸಂಜೆ ಎಲ್ಲರೂ ಸಹಿ ಹಾಕಿ ಬಸ್ಸು ಹತ್ತಿದೆವು. ಇಡೀ ದಿನದಲ್ಲಿ ಮೌಸ್ ಮುಟ್ಟಿದವರು ಐದು ಜನ ಇರಬಹುದು. ಅದನ್ನು ತರಬೇತಿ ಅನ್ನೋಕಾಗುತ್ತಾ?

ಹಾಗಾಗಿ ಮೊದಲ ಕೆಲಸ, ಯಂತ್ರದಿಂದ ಶುರು ಮಾಡಬೇಡಿ. ಎರಡು ವಾರ ಮೊದಲೇ ಪ್ರತಿಯೊಬ್ಬರ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳಿ: "ಮುಂದಿನ ತಿಂಗಳ ಪಾಠಗಳಲ್ಲಿ ಬೋರ್ಡ್ ಮೇಲೆ ತೋರಿಸೋಕೆ ಕಷ್ಟ ಆಗೋದು ಯಾವುದು?" ಗಣಿತದವರು ವೃತ್ತದ ಪ್ರಮೇಯ ಅನ್ನುತ್ತಾರೆ, ಅವರಿಗೆ ಆಕೃತಿ ಎಳೆದು ಜರುಗಿಸಿ ತೋರಿಸುವ ಜಿಯೋಜೀಬ್ರಾ ತಂತ್ರಾಂಶ ಸಾಕು. ವಿಜ್ಞಾನದವರು ವಿದ್ಯುತ್ ಮಂಡಲ ಅನ್ನುತ್ತಾರೆ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದವರು 2002ರಲ್ಲಿ ಶುರು ಮಾಡಿದ ಫೆಟ್ ಅಂತ ಒಂದು ಉಚಿತ ತಾಣ ಇದೆ, ಅಲ್ಲಿನ ಹಲವು ಪ್ರಯೋಗಗಳು ಕನ್ನಡದಲ್ಲೂ ಸಿಗುತ್ತವೆ. ಫೈಲ್ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಬ್ರೌಸರ್‌ನಲ್ಲಿ ನಡೆಯುತ್ತೆ. ಒಬ್ಬರಿಗೆ ಒಂದು ಪಾಠ, ಒಂದು ಸಾಧನ. ಅದಕ್ಕಿಂತ ಜಾಸ್ತಿ ಹೇರಿದರೆ ಎಲ್ಲವೂ ಮರೆತುಹೋಗುತ್ತೆ.

ಸಮಾಜ ವಿಜ್ಞಾನದ ಒಂದು ಉದಾಹರಣೆಯನ್ನು ಪೂರ್ತಿ ಹೇಳುತ್ತೇನೆ, ಯಾಕೆಂದರೆ ಇದು ನಮ್ಮೂರಿನದೇ. ಭೂಕುಸಿತದ ಪಾಠ. ಪುಸ್ತಕದಲ್ಲಿ ನಾಲ್ಕು ಸಾಲು ಇರುತ್ತೆ, ಮಕ್ಕಳ ಮನೆಯಲ್ಲಿ 2018ರ ಆಗಸ್ಟ್‌ನ ಕಥೆಯೇ ಇರುತ್ತೆ. ನೆಟ್ ಸಿಗುವ ಜಾಗದಲ್ಲಿ ಕೂತು ಕಂಪ್ಯೂಟರ್‌ನಲ್ಲಿ ಗೂಗಲ್ ಅರ್ತ್ ಪ್ರೊ ತೆರೆಯಿರಿ, ಆಗ ಗುಡ್ಡ ಜರಿದ ಊರು ಮಕ್ಕಂದೂರನ್ನು ಹುಡುಕಿ, ಮೇಲಿನ ಪಟ್ಟಿಯಲ್ಲಿರುವ ಗಡಿಯಾರದ ಗುರುತನ್ನು ಒತ್ತಿ. ಒಂದು ಕಡ್ಡಿ ಬರುತ್ತೆ, ಅದನ್ನು ಎಳೆದರೆ ಹಳೇ ವರ್ಷಗಳ ಉಪಗ್ರಹ ಚಿತ್ರ ಬರುತ್ತೆ. 2018ಕ್ಕೆ ಮುಂಚಿನದೊಂದು, ಆಮೇಲಿನದೊಂದು, ಎರಡನ್ನೂ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಮಳೆಗಾಲದ ಚಿತ್ರದಲ್ಲಿ ಮೋಡವೇ ಜಾಸ್ತಿ, ಬೇಸಿಗೆಯದನ್ನು ಆರಿಸಿ. ಮುಗೀತು, ತರಗತಿಗೆ ಬೇಕಾದ್ದು ಪೆನ್‌ಡ್ರೈವ್‌ನಲ್ಲಿ ಎರಡು ಚಿತ್ರ ಅಷ್ಟೇ, ನೆಟ್ ಬೇಡ. ಎರಡನ್ನೂ ತೋರಿಸಿ ಸುಮ್ಮನೆ ನಿಂತುಕೊಳ್ಳಿ. ಹಸಿರು ಗುಡ್ಡದ ಮೇಲೆ ಕೆಂಪು ಗೆರೆ ಎಳೆದ ಹಾಗೆ ಕಾಣುತ್ತಲ್ಲ, ಅದೇನು ಅಂತ ಮಕ್ಕಳೇ ಹೇಳುತ್ತಾರೆ. ಒಂದು ಎಚ್ಚರ ಮಾತ್ರ ಬೇಕು. ತರಗತಿಯಲ್ಲಿ ಮನೆ ಕಳೆದುಕೊಂಡ ಕುಟುಂಬದ ಮಗು ಇರಬಹುದು, ಮೊದಲೇ ವಿಚಾರಿಸಿಕೊಳ್ಳಿ.

ಈಗ ಕಲಿಸುವ ದಿನದ ವಿಷಯ. ಒಂದು ಸಲಕ್ಕೆ ಎಂಟು ಹತ್ತು ಜನ, ಒಂದು ಯಂತ್ರಕ್ಕೆ ಇಬ್ಬರು. ಗೊತ್ತಿರುವವರನ್ನೂ ಗೊತ್ತಿಲ್ಲದವರನ್ನೂ ಜೋಡಿ ಮಾಡಿದರೆ ಗೊತ್ತಿರುವವರೇ ಎಲ್ಲ ಮಾಡಿಬಿಡುತ್ತಾರೆ. ಇಬ್ಬರೂ ಹೊಸಬರಾದರೇ ವಾಸಿ. ನಿಮ್ಮ ಎರಡೂ ಕೈ ಬೆನ್ನ ಹಿಂದೆ ಇರಲಿ. ನಿಜವಾಗಿ ಹೇಳ್ತಿದ್ದೇನೆ, ಕೈ ಕಟ್ಟಿಕೊಳ್ಳಿ. ಇಲ್ಲದಿದ್ದರೆ "ಇರಿ ಸರ್, ನಾನು ಮಾಡಿಕೊಡ್ತೀನಿ" ಅಂತ ಮೌಸ್ ಕಿತ್ತುಕೊಳ್ಳುತ್ತೀರಿ, ಅಲ್ಲಿಗೆ ಅವರ ಕಲಿಕೆ ನಿಂತಿತು.

ನಿವೃತ್ತಿಗೆ ಎರಡು ವರ್ಷ ಇದ್ದ ಒಬ್ಬ ಮೇಷ್ಟ್ರು ಸರ್ಕಾರದ ಪಾಠಗಳಿರುವ ದೀಕ್ಷಾ ಆ್ಯಪ್‌ನಲ್ಲಿ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಲು ಹತ್ತು ನಿಮಿಷ ಒದ್ದಾಡಿದರು. ಫೋನನ್ನು ಪುಟಕ್ಕೆ ಅಂಟಿಸಿಯೇ ಹಿಡಿದಿದ್ದರು, ಅದರ ನೆರಳು ಕೋಡಿನ ಮೇಲೇ ಬೀಳುತ್ತಿತ್ತು. "ಸರ್, ಫೋಟೊ ತೆಗೆಯೋ ಹಾಗೆ ಸ್ವಲ್ಪ ಮೇಲೆ ಹಿಡೀರಿ" ಅಂದೆ. ಟಿಂಗ್ ಅಂತ ತೆರೆಯಿತು. ಆಮೇಲೆ ಅವರೇ ಹತ್ತಿರದ ಟೀಚರ್‌ಗೆ ಹೇಳಿಕೊಟ್ಟರು, ಅದೂ ನನಗಿಂತ ತಾಳ್ಮೆಯಿಂದ. ದೊಡ್ಡವರಿಗೆ ಬುದ್ಧಿ ಕಡಿಮೆ ಅಂತಲ್ಲ, ಕಿರಿಯರ ಮುಂದೆ ತಪ್ಪು ಮಾಡೋಕೆ ನಾಚಿಕೆ. ಅದಕ್ಕೇ ಮೊದಲು ನೀವೇ ಏನಾದರೂ ತಪ್ಪು ಮಾಡಿ ತೋರಿಸಿ. ಕೇಬಲ್ ತಪ್ಪು ಜಾಗಕ್ಕೆ ಚುಚ್ಚಿ, ಪರದೆ ಕಪ್ಪಾದಾಗ ನಕ್ಕುಬಿಡಿ. ಅಂದಹಾಗೆ, ದೀಕ್ಷಾದಲ್ಲಿ ಬೇಕಾದ ಪಾಠವನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳುವುದನ್ನು ಎಲ್ಲರಿಗೂ ಕಲಿಸಿ. ಸ್ಕ್ಯಾನ್ ಮಾಡೋದಕ್ಕಿಂತ ನಮ್ಮ ಕಡೆ ಇದೇ ಮುಖ್ಯ.

ಕನ್ನಡ ಟೈಪಿಂಗ್‌ಗೆ ಅಂತಲೇ ಒಂದು ಗಂಟೆ ಇಡಿ. ಹಳೇ ನುಡಿ ಫಾಂಟ್‌ನಲ್ಲಿ ಮಾಡಿದ ಪ್ರಶ್ನೆಪತ್ರಿಕೆಯನ್ನು ವಾಟ್ಸಾಪ್‌ಗೆ ಹಾಕಿದರೆ ಮೊಬೈಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಗೀಚು ಕಾಣುತ್ತೆ, 'ಕನ್ನಡ' ಅನ್ನೋ ಪದದ ನಡುವೆಯೇ ಪೌಂಡ್ ಹಣದ ಗುರುತು ಬಂದು ಕೂತಿರುತ್ತೆ. ಫೈಲ್ ಹಾಳಾಗಿದೆ ಅಂತ ಜನ ಮತ್ತೆ ಟೈಪ್ ಮಾಡಲು ಕೂರುತ್ತಾರೆ. ಹಾಳಾಗಿಲ್ಲ, ಅದು ಎಲ್ಲ ಫೋನು, ಕಂಪ್ಯೂಟರಿಗೂ ಅರ್ಥವಾಗುವ ಯುನಿಕೋಡ್ ಅಲ್ಲ ಅಷ್ಟೇ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಒಂದು ನಿಮಿಷದ ಕೆಲಸ. ಇನ್ನು ಮುಂದೆ ಯುನಿಕೋಡ್‌ನಲ್ಲೇ ಟೈಪ್ ಮಾಡಿಸಿ. ಟೈಪಿಂಗ್ ಬೇಡವೇ ಬೇಡ ಅನ್ನುವವರಿಗೆ ಫೋನ್ ಕೀಬೋರ್ಡಿನ ಮೈಕ್ ತೋರಿಸಿ. ನಾವು ಹೇಳಿದ ಕನ್ನಡವನ್ನು ಅದು ಬರೆಯುವುದನ್ನು ನೋಡಿ ಮೊದಲ ಸಲ ಎಲ್ಲರಿಗೂ ಖುಷಿಯಾಗುತ್ತೆ. ಹೆಸರುಗಳನ್ನು ಮಾತ್ರ ಕೆಡಿಸುತ್ತೆ, ಮತ್ತೊಮ್ಮೆ ಓದಬೇಕು.

ವಿಡಿಯೋ ಬಗ್ಗೆ ನನ್ನದೊಂದು ಹಟ ಇದೆ. ಶಬ್ದ ನಿಲ್ಲಿಸಿ, ಮೇಷ್ಟ್ರೇ ಮಾತಾಡಲಿ. ಜುಲೈನಲ್ಲಿ ಶೀಟಿನ ಮೇಲೆ ಮಳೆ ಬೀಳುವಾಗ ಸ್ಪೀಕರ್ ಕೇಳಿಸುವುದೇ ಇಲ್ಲ, ಅದೊಂದು ಕಾರಣ. ಇನ್ನೊಂದು, ನಮ್ಮ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯರವ ಮಾತಾಡುವ ಮಕ್ಕಳು ಒಟ್ಟಿಗೆ ಕೂತಿರುತ್ತಾರೆ, ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬರುವ ಕೆಲವರಿಗೆ ಕನ್ನಡವೇ ಹೊಸದು. ವಿಡಿಯೋದವರ ಗ್ರಾಂಥಿಕ ಕನ್ನಡ ಇವರ ತಲೆ ಮೇಲೆ ಹಾದುಹೋಗುತ್ತೆ. ಮೂವತ್ತು ಸೆಕೆಂಡಿಗೊಮ್ಮೆ ನಿಲ್ಲಿಸಿ ಪ್ರಶ್ನೆ ಕೇಳುವುದನ್ನು ಟೀಚರುಗಳಿಗೆ ಅಲ್ಲೇ ಅಭ್ಯಾಸ ಮಾಡಿಸಿ, ಒಬ್ಬರು ಪಾಠ ಮಾಡಲಿ, ಉಳಿದವರು ಮಕ್ಕಳಾಗಲಿ. ಸಂಜೆ ವಾಟ್ಸಾಪ್‌ನಲ್ಲಿ ಹೋಂವರ್ಕ್ ಕಳಿಸುವ ಪಾಠವನ್ನು ನಾನು ಹೇಳಿಕೊಡುವುದಿಲ್ಲ, ಲೈನ್ ಮನೆಯಲ್ಲಿ ಫೋನ್ ಇರುವುದು ಅಪ್ಪನ ಜೇಬಿನಲ್ಲಿ.

ಕರೆಂಟ್ ಹೋಗುತ್ತೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಪಾಠ ಯೋಜಿಸಬೇಕು. ತರಬೇತಿಯ ನಡುವೆ ಹೇಳದೆ ಕೇಳದೆ ಪ್ರೊಜೆಕ್ಟರ್ ಸ್ವಿಚ್ ಆಫ್ ಮಾಡಿ, "ಈಗ ಮುಂದುವರಿಸಿ" ಅನ್ನಿ. ಬೈಸಿಕೊಳ್ಳುತ್ತೀರಿ, ಪರವಾಗಿಲ್ಲ. ಚಾರ್ಜ್ ಆದ ಲ್ಯಾಪ್‌ಟಾಪನ್ನು ಗುಂಪುಗುಂಪಾಗಿ ತೋರಿಸುವವರು ಒಬ್ಬರು, ಚಿತ್ರವನ್ನು ಬೋರ್ಡ್ ಮೇಲೆ ಬರೆಯುವವರು ಇನ್ನೊಬ್ಬರು, ಹೀಗೆ ಅವರೇ ದಾರಿ ಹುಡುಕುತ್ತಾರೆ.

ನಿಮಗೇ ಗೊತ್ತಿಲ್ಲದ್ದು ಬಂದರೆ ಹತ್ತಿರದ ಹೈಸ್ಕೂಲಿನಲ್ಲಿ ಟಾಲ್ಪ್ ಅನ್ನೋ ಸರ್ಕಾರಿ ಕಂಪ್ಯೂಟರ್ ತರಬೇತಿ ಮುಗಿಸಿದವರು ಇರುತ್ತಾರೆ, ಕೂಡಿಗೆಯಲ್ಲಿ ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆ ಡಯಟ್ ಇದೆ, ಕೇಳಿ. ಹದಿನೈದು ದಿನ ಬಿಟ್ಟು ಪ್ರತಿಯೊಬ್ಬರ ತರಗತಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಒಂದು ಪಾಠ ನೋಡಿ. ಪುಸ್ತಕ ಹಿಡಿದು ತಪಾಸಣೆಗೆ ಬಂದವರ ಹಾಗೆ ಅಲ್ಲ. ಕೇಬಲ್ ಸಿಕ್ಕಿಕೊಂಡರೆ ಬಿಡಿಸಿಕೊಡೋಕೆ.

ಇನ್ನೊಂದು, ಯಾರೂ ಹೇಳದ್ದು. ಮಳೆಗಾಲದಲ್ಲಿ ಪ್ರೊಜೆಕ್ಟರನ್ನು ಬೀರುವಿನಲ್ಲಿ ಬೀಗ ಹಾಕಿ ಇಟ್ಟರೆ ಲೆನ್ಸ್‌ಗೆ ಬೂಷ್ಟು ಹಿಡಿಯುತ್ತೆ. ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ವಾರಕ್ಕೆ ಎರಡು ಸಲವಾದರೂ ಅರ್ಧ ಗಂಟೆ ಓಡಿಸಿ, ಬೀಗದ ಕೀಯನ್ನು ಎಚ್‌ಎಂ ಮನೆಗೆ ಒಯ್ಯದ ಹಾಗೆ ನೋಡಿಕೊಳ್ಳಿ.